ಹೆಸರು ಬಿಚ್ಚಿದ ಕೂಲಿ

ಗುರುವಾರ ರಾತ್ರಿ, ದೀಪದೆಣ್ಣೆ ತಳ ಕಂಡ ಹೊತ್ತು,
ಹಿತ್ತಿಲ ಬಾಗಿಲು ತಟ್ಟಿದಳು ಲಿಯೊಕಾಡಿಯಾ.
ಬೂಟಿನ ತುಂಬ ಹಿಮ. ತಲೆಗೆ ಅಡುಗೆಯವಳ ಶಾಲು.
"ಎಷ್ಟಾಯಿತು, ಪೆಟ್ರೊನೆಲಾ?"
ಎಲ್ಲಾ ಆಯಿತಮ್ಮ, ಅಂದೆ. ಹಾಸುಬಟ್ಟೆ ಎರಡು ಡಜನ್,
ದಿಂಬಿನ ಗವಸು ನಾಲ್ಕು, ಮೇಜಿನ ಹಚ್ಚಡ ಆರು,
ಕೈವಸ್ತ್ರದ ಲೆಕ್ಕ ನಾನಿಟ್ಟಿಲ್ಲ.
ಪ್ರತಿಯೊಂದರ ಮೂಲೆಗೂ ಜೋಡಿ ಅಕ್ಷರ:
ಅವಳ ಎಲ್, ಬೆನ್ನು ನೆಟ್ಟಗೆ, ಕಾಲು ಚಾಚಿ ಕೂತದ್ದು;
ಅದಕ್ಕೆ ಒರಗಿ ಅವನ ಮನೆತನದ ಎಸ್,
ಹಂಸದ ಕೊರಳು.

"ಎಸ್ ಬಿಚ್ಚಿಬಿಡು."

ಇಗರ್ಜಿಯಲ್ಲಿ ಎರಡು ಭಾನುವಾರ ಓದಿಯಾಗಿತ್ತು ಅವರ ಹೆಸರು.
ಮೂರನೆಯ ಭಾನುವಾರ ಪಾದ್ರಿ
ಗಿರಣಿಯವನ ಮಗಳ ಹೆಸರು ಓದಿ, ಕೆಮ್ಮಿ,
ಹಾಳೆ ಮಡಚಿದರು.
ಆ ಕೆಮ್ಮಿನಷ್ಟೇ ಅಗಲದ ಮೌನದಲ್ಲಿ
ಬೆಂಚು ಬೆಂಚಿನ ಟೋಪಿಗಳೂ ಒಂದೇ ಕಡೆ ತಿರುಗಿದವು,
ಸೂರ್ಯಕಾಂತಿಯ ಹೊಲ.

ಮಧ್ಯಾಹ್ನದೊಳಗೆ ಊರು ಕಾರಣ ಹೊಲಿದು ಮುಗಿಸಿತ್ತು.
ವರದಕ್ಷಿಣೆಯ ಕಾಡು ಮೊದಲೇ ಅಡವಿತ್ತಂತೆ.
ಜಾರುಬಂಡಿಯ ರಾತ್ರಿ ಭೂಮಾಪಕನ ತುಪ್ಪುಳುಗಂಬಳಿಯೊಳಗೆ
ಅವಳ ಕೈ ಇತ್ತಂತೆ.
ಅಜ್ಜಿಗೆ ಹುಚ್ಚಿತ್ತಂತೆ, ಅದು ಒಂದು ತಲೆಮಾರು ಹಾರಿ ಬರುತ್ತದಂತೆ.
ಬಾತುಕೋಳಿ ನೆತ್ತರಿನ ಕಪ್ಪು ಸಾರು ಬಡಿಸಿ
ಇವಳಪ್ಪನೇ ಅವನನ್ನು ಎಬ್ಬಿಸಿ ಕಳಿಸಿದನಂತೆ.
ಇದನ್ನು ಹೇಳಿದವಳನ್ನು ಮಾತ್ರ ಯಾರೂ ನಂಬಲಿಲ್ಲ;
ಗಂಡು ಬಿಟ್ಟ ಎಂಬುದಕ್ಕೆ ರುಚಿ ಹೆಚ್ಚು.
ಗಂಟಿಲ್ಲದ ದಾರ ಒಂದೆಳೆತಕ್ಕೆ ಬಂದುಬಿಡಬೇಕು.
ಈ ಅಂತೆಕಂತೆಗಳಿಗೆ ಗಂಟೇ ಇಲ್ಲ,
ಎಳೆದಷ್ಟೂ ಉದ್ದ.

ನಾನು ಕಂಡದ್ದು ಇಷ್ಟೇ.
ಮೂರು ಅರಸರ ಹಬ್ಬದ ಮರುದಿನ
ರೋಖ್ ಸುಲಿಮಿಯೆರ್ಸ್ಕಿ ಬಂದ. ಕೈಗವಸು ಕಳಚಲಿಲ್ಲ.
ಹಾಸುಬಟ್ಟೆ ಎಣಿಸಿದ, ತುಟಿ ಆಡಿಸುತ್ತ, ಜಪದ ಹಾಗೆ.
ಇಪ್ಪತ್ತನಾಲ್ಕಕ್ಕೆ ನಿಂತ.
ಮತ್ತೆ ಒಂದರಿಂದ ಎಣಿಸಿದ.
ಬಾಗಿಲ ಬಳಿ ಲಿಯೊಕಾಡಿಯಾ ನಿಂತಿದ್ದಳು,
ಇಪ್ಪತ್ತೈದನೆಯದರ ಹಾಗೆ.

ಕಾರಣ ಅದೇ ಎಂದು ಹೇಳಲಾರೆ.
ಹೇಳಿದರೆ ಅದೂ ಒಂದು ಅಂತೆ.

"ಅವನೇ ಬಿಟ್ಟ ಅಂತಿರಲಿ," ಅಂದಳು ಆ ರಾತ್ರಿ,
ನನ್ನ ಒಲೆಯ ಹೆಂಚಿಗೆ ಬೆನ್ನು ಕಾಯಿಸುತ್ತ.
"ಬಿಟ್ಟವಳು ಅಂದರೆ ಬದುಕಿಡೀ ಕಾರಣ ಕೇಳುತ್ತಾರೆ.
ಬಿಡಿಸಿಕೊಂಡವಳಿಗೆ ಕಾರಣ ಅವರೇ ತಂದು ಕೊಡುತ್ತಾರೆ,
ಈಸ್ಟರ್ ಮೊಟ್ಟೆಯ ಹಾಗೆ, ಬಣ್ಣ ಹಚ್ಚಿ."
ಉಂಗುರ ಇನ್ನೂ ಬೆರಳಲ್ಲೇ ಇತ್ತು.
ಮೊದಲು ದಾರ, ಆಮೇಲೆ ಉಂಗುರ.

ಹೊಲಿಯಲು ಹನ್ನೊಂದು ವಾರ. ಬಿಚ್ಚಲು ಮೂರು ರಾತ್ರಿ.
ಬಟ್ಟೆ ಮಗುಚಿ, ಬೆನ್ನ ಕಡೆಯಿಂದ
ಒಂದೊಂದೇ ಕೊರಳು ಕತ್ತರಿಸಿದೆ.
ದಾರ ಬಂತು, ತೂತು ಉಳಿಯಿತು.
ದೀಪಕ್ಕೆ ಹಿಡಿದರೆ ಎಸ್ ಇನ್ನೂ ಸ್ಪಷ್ಟ,
ಬೆಳಕಿನ ಚುಕ್ಕಿಗಳಲ್ಲಿ.
ಹೆಸರು ಕೆಟ್ಟಿತು ಅನ್ನುತ್ತಾರಲ್ಲ,
ಕೆಟ್ಟದ್ದು ಯಾವುದು, ದಾರವೋ ತೂತೋ?

ನಾರುಬಟ್ಟೆಗೆ ಮರೆವು ಉಂಟು.
ಎಂಟು ಒಗೆತ, ವಿಸ್ತುಲಾ ನದಿಯ ತಣ್ಣೀರು, ಒಂದು ಬೇಸಗೆ,
ನೂಲಿಗೆ ನೂಲು ಕೂಡಿಕೊಂಡಿತು.
ಮಡಕೆಯ ಬಾಯಿಗೆ ಮುಚ್ಚಳ ಉಂಟು, ಊರ ಬಾಯಿಗೆ ಇಲ್ಲ.
ಅವಳ ತಂಗಿಗೆ ಎರಡು ವರ್ಷ ಯಾರೂ ಕೇಳಿ ಬರಲಿಲ್ಲ.
ಅವನು ಲುಬ್ಲಿನ್‌ನಲ್ಲಿ ಅದೇ ವಸಂತದಲ್ಲಿ ಮದುವೆಯಾದ.

ಹೊಲಿದದ್ದಕ್ಕೆ ಅವಳಪ್ಪ ಕೊಟ್ಟದ್ದು, ಚೌಕಾಸಿ ಮಾಡಿ.
ಬಿಚ್ಚಿದ್ದಕ್ಕೆ ಅವಳೇ ಕೊಟ್ಟಳು,
ಕೇಳಿದ್ದಕ್ಕಿಂತ ಒಂದು ರೂಬಲ್ ಹೆಚ್ಚು.
ನನ್ನ ಬಾಯಿಗೆ ಹಾಕಿದ ಹೊಲಿಗೆಯೋ ಅದು?
ಕೇಳಲಿಲ್ಲ. ತೆಗೆದುಕೊಂಡೆ.

ಈಗಲೂ ವರ್ಷಕ್ಕೊಮ್ಮೆ ಊಟಕ್ಕೆ ಕರೆಯುತ್ತಾಳೆ.
ಹಚ್ಚಡದ ಮೂಲೆಯಲ್ಲಿ ಒಂಟಿ ಎಲ್, ಬೆನ್ನು ನೆಟ್ಟಗೆ;
ಪಕ್ಕದಲ್ಲಿ ಯಾರೋ ಈಗಷ್ಟೇ ಎದ್ದುಹೋದಷ್ಟು ಜಾಗ.
ಬಂದವರ ಕಣ್ಣು ಅಲ್ಲಿಗೇ.
ಮುದಿ ಪಾದ್ರಿ, ಒಳ್ಳೆಯ ಮನುಷ್ಯ,
ಉಪ್ಪಿನ ಬಟ್ಟಲನ್ನು ಮೆಲ್ಲಗೆ ಅದರ ಮೇಲೆ ಸರಿಸುತ್ತಾರೆ.

ಲಿಯೊಕಾಡಿಯಾ ಕೈ ಚಾಚಿ ಎತ್ತಿಕೊಳ್ಳುತ್ತಾಳೆ,
ಸಾರಿಗೆ ಒಂದು ಚಿಟಿಕೆ ಹಾಕಿ,
ಬಟ್ಟಲನ್ನು ಬೇರೆ ಕಡೆ ಇಡುತ್ತಾಳೆ.